ಕಿಟಕಿಯ ಸಸಿ ಪಾತಿಗೆ ಇಳಿಯುವಾಗ

ಟ್ರೇಯಲ್ಲಿ ನೆಟ್ಟಗೆ ನಿಂತಿದ್ದ ಟೊಮೇಟೊ ಸಸಿಯನ್ನು ಬೆಳಿಗ್ಗೆ ತಂದು ಪಾತಿಯಲ್ಲಿ ನೆಡುತ್ತೇವೆ. ಮಧ್ಯಾಹ್ನಕ್ಕೆ ಅದು ತಲೆ ಬಗ್ಗಿಸುತ್ತದೆ, ಮೂರನೆಯ ದಿನ ಎಲೆಗಳ ಮೇಲೆ ಕಾಗದ ಅಂಟಿಸಿದಂಥ ಬಿಳಿ ಮಚ್ಚೆ ಏಳುತ್ತದೆ, ವಾರ ಕಳೆಯುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಗೊಬ್ಬರ ಸಾಲಲಿಲ್ಲ, ಬೀಜ ಸರಿಯಿರಲಿಲ್ಲ ಎಂದು ಆಮೇಲೆ ಮಾತು ಬರುತ್ತದೆ. ಹೆಚ್ಚಿನ ಸಲ ಕಾರಣ ಬೇರೆಯೇ ಇರುತ್ತದೆ: ಆ ಸಸಿಗೆ ಒಂದೇ ದಿನ ಎರಡು ಪೆಟ್ಟು ಬಿದ್ದಿದೆ, ಎಲೆಗೊಂದು, ಬೇರಿಗೊಂದು.

ಎಲೆಯ ಪೆಟ್ಟು ಬಿಸಿಲು ಮತ್ತು ಗಾಳಿಯದ್ದು. ಬೆಳಕನ್ನು ಅಳೆಯುವ ಮಾನ ಲಕ್ಸ್. ಮೋಡವಿಲ್ಲದ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯ ಪಕ್ಕದ ಬೆಳಕು ಕೆಲವು ಸಾವಿರ ಲಕ್ಸ್, ಕೋಣೆಯ ನಡುವೆ ಕೆಲವು ನೂರು. ಗಿಡಕ್ಕೆಂದೇ ಹಾಕಿದ ಎಲ್‌ಇಡಿ ದೀಪದ ಕೆಳಗೆ ಬೆಳೆದ ಸಸಿ ಕೂಡ ಈ ಬಿಸಿಲಿನ ಸಣ್ಣದೊಂದು ಪಾಲನ್ನಷ್ಟೇ ಕಂಡಿರುತ್ತದೆ. ಸಾಲದ್ದಕ್ಕೆ ಕಿಟಕಿಯ ಗಾಜು ನೇರಳಾತೀತ ಕಿರಣಗಳಲ್ಲಿ ತೀಕ್ಷ್ಣವಾದ ಯುವಿ-ಬಿ ಭಾಗವನ್ನು ಬಹುಪಾಲು ತಡೆದುಬಿಡುತ್ತದೆ. ಎಲೆ ಅದರ ವಿರುದ್ಧ ರಕ್ಷಣೆ ಕಟ್ಟಿಕೊಂಡೇ ಇರುವುದಿಲ್ಲ. ಒಳಗೆ ಬೆಳೆದ ಎಲೆ ತೆಳು, ಅದರ ಮೇಲಿನ ಮೇಣದ ಪದರ ಇನ್ನೂ ತೆಳು. ಒಣಗಾಳಿ ಬೀಸಿದಾಗ ಪತ್ರರಂಧ್ರಗಳನ್ನು ತಟ್ಟನೆ ಮುಚ್ಚಿಕೊಳ್ಳುವ ರೂಢಿ ಅದಕ್ಕಿಲ್ಲ. ಗಾಳಿಯಾಡದ ಕಡೆ ಬೆಳೆದದ್ದರಿಂದ ಕಾಂಡದಲ್ಲೂ ಕಸುವಿಲ್ಲ.

ಬೇರಿನ ಪೆಟ್ಟು ನಾಟಿಯದ್ದು. ನೀರು ಹೀರುವ ಕೆಲಸದ ಬಹುಪಾಲನ್ನು ಬೇರಿನ ತುದಿಯ ಹತ್ತಿರ ಇರುವ, ಕಣ್ಣಿಗೆ ಕಂಡೂ ಕಾಣದ ಬೇರುಗೂದಲುಗಳು ಮಾಡುತ್ತವೆ. ಟ್ರೇಯಿಂದ ಎಬ್ಬಿಸುವಾಗ ಇವು ಹರಿಯುತ್ತವೆ. ಹೊಸವು ಹುಟ್ಟಲು ಕೆಲವು ದಿನ ಬೇಕು. ಅಷ್ಟು ದಿನ ಎಲೆಯ ಖರ್ಚು ಬೇರಿನ ಆದಾಯಕ್ಕಿಂತ ಹೆಚ್ಚಾಗಿರುತ್ತದೆ.

ಆದ್ದರಿಂದ ನಾವು ಕೆಲಸವನ್ನು ಎರಡಾಗಿ ಒಡೆದುಕೊಳ್ಳುತ್ತೇವೆ. ಬೇರು ಅಲುಗದಂತೆ ಟ್ರೇಯಲ್ಲೇ ಇಟ್ಟುಕೊಂಡು ಮೊದಲು ಎಲೆಯನ್ನು 10ರಿಂದ 14 ದಿನ ಪಳಗಿಸುವುದು. ಇದಕ್ಕೆ ಸಸಿ ಹದಗೊಳಿಸುವುದು ಎನ್ನುತ್ತೇವೆ. ಎಲೆ ಪಳಗಿದ ಮೇಲೆ ಬೇರಿಗೆ ಕೈ ಹಾಕುವುದು.

ಹೊರಡುವ ಮೊದಲು

ಪಾತಿಗೆ ಇಳಿಯುವ ದಿನ ಸಸಿ ಯಾವ ವಯಸ್ಸಿನಲ್ಲಿರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಹಿಂದಕ್ಕೆ ಎಣಿಸಬೇಕು. ಟೊಮೇಟೊ 4ರಿಂದ 6 ವಾರ, ಬದನೆ 5ರಿಂದ 7, ಮೆಣಸಿನಕಾಯಿ 6ರಿಂದ 8, ಕೋಸು ಮತ್ತು ಹೂಕೋಸು 4ರಿಂದ 5. ಸೌತೆ, ಕುಂಬಳ, ಕಲ್ಲಂಗಡಿಗೆ 2ರಿಂದ 3 ವಾರ ಸಾಕು. ಮೊಳಕೆಯೊಡನೆ ಮೊದಲು ಬರುವ ಬೀಜದೆಲೆ ಬಿಟ್ಟು ಎರಡು, ಹೆಚ್ಚೆಂದರೆ ಮೂರು ನಿಜ ಎಲೆ ಬಂದಿರಬೇಕು, ಅದಕ್ಕಿಂತ ತಡಮಾಡಿದರೆ ಅವುಗಳ ಬೇರು ಮುನಿಸಿಕೊಳ್ಳುತ್ತದೆ. ಬೆಚ್ಚಗಿನ ಜಾಗದಲ್ಲಿ ಈ ಲೆಕ್ಕ ಒಂದು ವಾರ ಮುಂದೆ ಬರುತ್ತದೆ, ತಂಪಿನಲ್ಲಿ ಹಿಂದೆ ಬೀಳುತ್ತದೆ.

ಕ್ಯಾರೆಟ್, ಮೂಲಂಗಿಗಳನ್ನು ಈ ಸಾಲಿಗೆ ಸೇರಿಸುವುದೇ ಬೇಡ. ತಾಯಿಬೇರೇ ನಮಗೆ ಬೇಕಾದ ಬೆಳೆಗಳವು. ಟ್ರೇಯ ತಳಕ್ಕೆ ತಾಗಿದ ಬೇರು ಕವಲೊಡೆಯುತ್ತದೆ, ಗಡ್ಡೆ ಸೊಟ್ಟಗಾಗುತ್ತದೆ. ಹುರುಳಿಕಾಯಿ, ಕೊತ್ತಂಬರಿಯನ್ನೂ ನೇರವಾಗಿ ಪಾತಿಗೇ ಬಿತ್ತುವುದು ಲೇಸು.

ಸಸಿ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ನಮ್ಮ ಲೆಕ್ಕದಲ್ಲಿ ಅದು ತಲೆಕೆಳಗು. ಒಂದು ಅಡಿ ಎತ್ತರ ಬೆಳೆದು ಹೂ ಬಿಟ್ಟ ಮೆಣಸಿನ ಸಸಿಗಿಂತ 12–15 ಸೆಂ.ಮೀ. ಎತ್ತರದ, ಎಲೆಗಳ ನಡುವಿನ ಗೆಣ್ಣು ಗಿಡ್ಡವಿರುವ, ಕಾಂಡ ಪೆನ್ಸಿಲ್ಲಿಗಿಂತ ಸ್ವಲ್ಪ ಸಣ್ಣದಿರುವ ಸಸಿ ಪಾತಿಯಲ್ಲಿ ಬೇಗ ಬೇರು ಕಚ್ಚಿಕೊಳ್ಳುತ್ತದೆ. ಟ್ರೇಯ ಇಕ್ಕಟ್ಟಿನ ಗುಳಿಯಲ್ಲಿ ಹೂ ಬಿಟ್ಟಿದ್ದರೆ ಹೂವನ್ನೂ ಮಿಡಿಯನ್ನೂ ಚಿವುಟಿ ತೆಗೆಯುತ್ತೇವೆ. ಮೊದಲ ಎರಡು ವಾರ ಗಿಡದ ಶಕ್ತಿ ಬೇರಿಗೆ ಹೋಗಲಿ.

ಹೊರಗಿಡುವ ನಾಲ್ಕೈದು ದಿನ ಮೊದಲೇ ಒಳಗೆ ಮೂರು ಬದಲಾವಣೆ. ಮೊದಲನೆಯದು, ಸಾರಜನಕ ಇರುವ ದ್ರವಗೊಬ್ಬರ ನಿಲ್ಲಿಸುವುದು. ಅದು ಎಲೆಯನ್ನು ಮೆತ್ತಗೆ, ನೀರುತುಂಬಿಕೊಂಡಂತೆ ಬೆಳೆಸುತ್ತದೆ. ಎರಡನೆಯದು, ನೀರಿನ ಅಂತರ ಹೆಚ್ಚಿಸುವುದು. ಟ್ರೇಯನ್ನು ಕೈಯಲ್ಲಿ ಎತ್ತಿ ತೂಕ ನೋಡಿ, ಹಗುರವಾಗಿದೆ ಎನ್ನಿಸಿದ ಮೇಲೆ ಪೂರ್ತಿ ನೆನೆಯುವಂತೆ ಹಾಕಬೇಕು. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲ್ಮಣ್ಣು ಸದಾ ಹಸಿಯಾಗಿರುತ್ತದೆ, ಪಿಥಿಯಂ, ರೈಜೋಕ್ಟೋನಿಯದಂಥ ಮಣ್ಣಿನ ರೋಗಾಣುಗಳಿಂದ ಬರುವ ಬುಡಕೊಳೆಗೆ ಅದೇ ದಾರಿ. ಬಾಡಿಸಿ ಬಾಡಿಸಿ ಗಟ್ಟಿಮಾಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಸೌತೆ ಜಾತಿಯ ಸಸಿಗಳು ಅದನ್ನು ತಾಳಿಕೊಳ್ಳುವುದಿಲ್ಲ, ಹೂಕೋಸು ಅದರಿಂದ ಬೆದರಿ ಪಾತಿಗೆ ಹೋದ ಮೇಲೆ ಅಂಗಿಯ ಗುಂಡಿಯಂಥ ಪುಟ್ಟ ಹೂ ಬಿಟ್ಟು ಕೆಲಸ ಮುಗಿಸಿಬಿಡುತ್ತದೆ.

ಮೂರನೆಯದು ಗಾಳಿ. ಸಣ್ಣ ಫ್ಯಾನನ್ನು ಕಡಿಮೆ ವೇಗದಲ್ಲಿ, ಎಲೆ ಮೆಲ್ಲಗೆ ಅಲುಗುವಷ್ಟು ದೂರದಲ್ಲಿ ದಿನಕ್ಕೆ ಎರಡು ಗಂಟೆ ಓಡಿಸುತ್ತೇವೆ. ಫ್ಯಾನ್ ಇಲ್ಲದಿದ್ದರೆ ಅಂಗೈಯಿಂದ ಸಸಿಗಳ ತುದಿಯನ್ನು ಬೆಳಿಗ್ಗೆ ಸಂಜೆ ಹತ್ತಿಪ್ಪತ್ತು ಸಲ ಸವರಿದರೂ ಆಯಿತು. ಅಲುಗಾಟಕ್ಕೆ ಒಳಗಾದ ಕಾಂಡ ಉದ್ದಕ್ಕೆ ಬೆಳೆಯುವುದನ್ನು ಕಡಿಮೆ ಮಾಡಿ ದಪ್ಪಗಾಗುತ್ತದೆ. ನೋಡಲು ಮುದ್ದುಮಾಡಿದ ಹಾಗೆ ಕಾಣುವ ಈ ಕೆಲಸ ಗಿಡದ ಮಟ್ಟಿಗೆ ಕಸರತ್ತು.

ಹದ ಮಾಡುವ ದಿನಗಳು

ಟ್ರೇ ಇಡಲು ಜಾಗ ಮೊದಲು. ಮರದ ನೆರಳೋ ಮಾಡಿನ ಅಂಚೋ ಆಗಬಹುದು. ಎದುರಿಗೆ ಬಿಳಿ ಗೋಡೆ ಇರಬಾರದು, ಅದು ಬಿಸಿಲನ್ನು ತಿರುಗಿಸಿ ಎಸೆಯುತ್ತದೆ. ಟ್ರೇ ನೆಲದ ಮೇಲೆ ಬೇಡ. ಕಾಂಕ್ರೀಟ್ ನೆಲ ಕಾದರೆ ಕಪ್ಪು ಪ್ಲಾಸ್ಟಿಕ್ ಟ್ರೇಯೊಳಗಿನ ಬೇರು ಬೆಂದುಹೋಗುತ್ತದೆ, ಮಣ್ಣಿನ ಮೇಲಿಟ್ಟರೆ ಬಸವನಹುಳು ಹತ್ತುತ್ತದೆ. ಮೊಣಕಾಲೆತ್ತರದ ಸ್ಟೂಲು ಅಥವಾ ಹಲಗೆ ಸಾಕು. ಎಲ್ಲ ಟ್ರೇಗಳನ್ನು ಒಂದೇ ಹಲಗೆಯ ಮೇಲೆ ಜೋಡಿಸಿಕೊಂಡರೆ ಒಳಗೆ ಹೊರಗೆ ಸಾಗಿಸುವುದು ಸುಲಭ. ಕಷ್ಟವಾದ ಕೆಲಸವನ್ನು ಐದನೆಯ ದಿನಕ್ಕೆ ಯಾರೂ ಸರಿಯಾಗಿ ಮಾಡುವುದಿಲ್ಲ. ಹೆಸರಿನ ಪಟ್ಟಿಗಳ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ, ಸೀಸದ ಬರಹ ಉಳಿಯುತ್ತದೆ.

ಮೊದಲ ದಿನ ಒಂದು ಗಂಟೆ, ಪೂರ್ತಿ ನೆರಳಲ್ಲಿ, ಗಾಳಿಗೆ ಮರೆ ಇರುವ ಕಡೆ. ಎರಡನೆಯ ದಿನ ಎರಡು ಗಂಟೆ, ಅದೇ ಜಾಗ. ಬಿಸಿಲು ಕಾಣಿಸದಿದ್ದರೆ ಇದರಿಂದೇನು ಲಾಭ ಎನ್ನಿಸಬಹುದು. ತೆರೆದ ನೆರಳಿನ ಬೆಳಕು ಕೂಡ ಕಿಟಕಿಯ ಬೆಳಕಿಗಿಂತ ಹಲವು ಪಟ್ಟು ಹೆಚ್ಚು. ಮೂರನೆಯ ದಿನ ಮೂರ್ನಾಲ್ಕು ಗಂಟೆ ನೆರಳು, ಅದಕ್ಕೆ ಮೊದಲು ಬೆಳಗಿನ ಎಳೆಬಿಸಿಲು ಅರ್ಧ ಗಂಟೆ. ನಾಲ್ಕನೆಯ ದಿನ ಎಳೆಬಿಸಿಲು ಒಂದು ಗಂಟೆ, ಐದು ಮತ್ತು ಆರನೆಯ ದಿನ ಎರಡು ಗಂಟೆ, ಉಳಿದ ಹಗಲೆಲ್ಲ ನೆರಳು. ಏಳು ಎಂಟರಲ್ಲಿ ಬೆಳಿಗ್ಗೆ 11ರವರೆಗೆ ಬಿಸಿಲು. ಒಂಬತ್ತು ಹತ್ತರಲ್ಲಿ ನಡುಹಗಲಿನ ಬಿಸಿಲು ಒಂದು ಗಂಟೆ. ಹನ್ನೊಂದರಿಂದ ಇಡೀ ಹಗಲು ಬಿಸಿಲು, ಕೊನೆಯ ಎರಡು ಮೂರು ರಾತ್ರಿ ಹೊರಗೇ ವಾಸ. ಬಿಸಿಲು ಬಲವಾದ ಕಾಲದಲ್ಲಿ ಮಧ್ಯದ ದಿನಗಳಿಗೆ ಶೇ. 50ರ ನೆರಳು ಪರದೆ ಕಟ್ಟಿದರೆ ಟ್ರೇ ಹೊತ್ತು ತಿರುಗುವುದು ತಪ್ಪುತ್ತದೆ.

ಈ ವೇಳಾಪಟ್ಟಿ ಹೆಚ್ಚಾಗಿ ಕೆಡುವುದು ಮೋಡದ ದಿನಗಳಲ್ಲಿ. ನಾಲ್ಕು ದಿನ ಮೋಡ ಮುಚ್ಚಿತ್ತು, ಸಸಿ ಇಡೀ ಹಗಲು ಹೊರಗಿತ್ತು, ಎಂಟನೆಯ ದಿನ ಬಂತು ಎಂದು ಪಟ್ಟಿಯ ಪ್ರಕಾರ 11ರವರೆಗೆ ಬಿಡುತ್ತಾರೆ; ಅವತ್ತೇ ಮೋಡ ಸರಿದು ಎಲೆ ಸುಟ್ಟುಹೋಗುತ್ತದೆ. ಮೋಡದ ದಿನ ಗಾಳಿಯ ಲೆಕ್ಕಕ್ಕೆ ಬರುತ್ತದೆ, ಬಿಸಿಲಿನ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಾವು ದಿನ ಎಣಿಸುವುದನ್ನು ಬಿಟ್ಟು ಬಿಸಿಲಿನ ಗಂಟೆ ಎಣಿಸುತ್ತೇವೆ. ನಿನ್ನೆ ನೇರ ಬಿಸಿಲು ಎರಡು ಗಂಟೆ ತಾಳಿದ್ದರೆ ಇಂದು ಮೂರು, ನಿನ್ನೆ ಮೋಡವಿದ್ದರೆ ಇಂದು ಮೊನ್ನೆಯಷ್ಟೇ.

ಹೊರಗೆ ಹೋದ ಸಣ್ಣ ಗುಳಿಯ ಟ್ರೇ ಎಷ್ಟು ಬೇಗ ಒಣಗುತ್ತದೆ ಎಂಬುದು ಮೊದಲ ಸಲ ಮಾಡುವವರಿಗೆ ಅಂದಾಜಿಗೆ ಸಿಗುವುದಿಲ್ಲ. ಒಳಗೆ ಎರಡು ದಿನಕ್ಕೊಮ್ಮೆ ನೀರು ಕೇಳುತ್ತಿದ್ದ 98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ಟ್ರೇ) ಬಿಸಿಲುಗಾಳಿಯಲ್ಲಿ ದಿನಕ್ಕೆ ಎರಡು ಸಲ ಕೇಳಬಹುದು. ಬೆಳಿಗ್ಗೆ ಹೊರಗಿಡುವ ಮೊದಲು ಒಮ್ಮೆ ಪೂರ್ತಿ ನೆನೆಸುವುದು, ಮಧ್ಯಾಹ್ನ ಒಮ್ಮೆ ತೂಕ ನೋಡುವುದು. ಟ್ರೇಗೆ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಮ್ಮೆ ಪೂರ್ತಿ ಒಣಗಿತೆಂದರೆ ಮೇಲಿಂದ ಸುರಿದ ನೀರು ಅಂಚಿನಿಂದ ಜಾರಿ ತಳಕ್ಕೆ ಹೋಗುತ್ತದೆ, ನಡುಭಾಗ ಒಣಗಿಯೇ ಉಳಿಯುತ್ತದೆ. ಆಗ ಟ್ರೇಯನ್ನು ಎರಡು ಸೆಂ.ಮೀ. ನೀರಿರುವ ತಟ್ಟೆಯಲ್ಲಿ 20 ನಿಮಿಷ ಇಟ್ಟು ಕೆಳಗಿನಿಂದ ಹೀರಿಸಬೇಕು. ಇನ್ನು, ಜಡಿಮಳೆ ಬರುವ ಸೂಚನೆ ಇದ್ದರೆ ಟ್ರೇ ಒಳಗೆ. ದಪ್ಪ ಹನಿ ಎಳೆಕಾಂಡವನ್ನು ನೆಲಕ್ಕೆ ಮಲಗಿಸುತ್ತದೆ. ತಳದಲ್ಲಿ ತೂತಿಲ್ಲದ ತಟ್ಟೆ ಇದ್ದರೆ ಬೇರು ಮುಳುಗುತ್ತದೆ.

ರಾತ್ರಿಯ ತಾಪಮಾನಕ್ಕೆ ಬೆಳೆಬೆಳೆಗೂ ಬೇರೆ ಗೆರೆ. ಟೊಮೇಟೊ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊರಗಿರಬಾರದು. ಮೆಣಸು, ಬದನೆಗೆ 12–13. ಸೌತೆ, ಕಲ್ಲಂಗಡಿಗೆ 15 ಇದ್ದರೆ ನೆಮ್ಮದಿ, 10ಕ್ಕಿಂತ ಕೆಳಗೆ ಹೋದರೆ ಹಿಮ ಬೀಳದಿದ್ದರೂ ಎಲೆಯಲ್ಲಿ ಒದ್ದೆ ಮಚ್ಚೆ ಎದ್ದು ಕೊಳೆಯುತ್ತದೆ. ಕೋಸು, ಈರುಳ್ಳಿ, ಲೆಟ್ಯೂಸ್ ಚಳಿಗೆ ಜಗ್ಗುವುದಿಲ್ಲ, ಹದಗೊಂಡವು ಹಗುರವಾದ ಹಿಮವನ್ನೂ ತಾಳುತ್ತವೆ. ಆದರೆ ಪೆನ್ಸಿಲ್ ದಪ್ಪ ಆಗಿಹೋದ ಕೋಸಿನ ಸಸಿ ಕೆಲವು ವಾರ 10 ಡಿಗ್ರಿಗಿಂತ ಕೆಳಗಿನ ಚಳಿ ತಿಂದರೆ ಗಡ್ಡೆ ಕಟ್ಟುವ ಬದಲು ಹೂಕಡ್ಡಿ ಎಬ್ಬಿಸುತ್ತದೆ. ಹಾಗೆ ನೋಡಿದರೆ ಕೋಸಿಗೆ ಅಪಾಯ ಇರುವುದು ಎಳೆಯದರಲ್ಲಲ್ಲ, ಬಲಿತದ್ದರಲ್ಲಿ.

ಹದ ಬಂದಿದೆ ಎಂದು ಹೇಗೆ ತಿಳಿಯುವುದು? ಎಲೆಯ ಹಸಿರು ಗಾಢವಾಗುತ್ತದೆ, ಬೆರಳ ನಡುವೆ ಹಿಡಿದರೆ ಮೊದಲಿನ ಮೆತ್ತಗಿನ ಭಾವ ಹೋಗಿ ಸ್ವಲ್ಪ ತೊಗಲಿನ ಹಾಗೆ ಅನ್ನಿಸುತ್ತದೆ. ಕೋಸಿನ ಎಲೆಯ ಮೇಲೆ ಬೂದಿಬಣ್ಣದ ಮೇಣ ಕಾಣುತ್ತದೆ. ಟೊಮೇಟೊ ಕಾಂಡ ಬುಡದಲ್ಲಿ ನಸುನೇರಳೆಗೆ ತಿರುಗಬಹುದು. ಕೊನೆಯ ಪರೀಕ್ಷೆ ನಡುಹಗಲಿನಲ್ಲಿ: ಮಣ್ಣು ಹಸಿಯಾಗಿದ್ದು, ಎರಡು ದಿನ ಸತತವಾಗಿ 12ರಿಂದ 3ರವರೆಗಿನ ಬಿಸಿಲಲ್ಲಿ ಎಲೆ ಬಾಗದೆ ನಿಂತರೆ ನೆಡಬಹುದು. 14 ದಿನ ಮುಗಿದರೂ ಬಾಗುತ್ತಿದ್ದರೆ ಇನ್ನೂ ಮೂರು ದಿನ ಇಡುತ್ತೇವೆ.

ಪಾತಿಯನ್ನು ಸಿದ್ಧ ಮಾಡುವುದು

ಸಸಿ ಹೊರಗೆ ಹದಗೊಳ್ಳುತ್ತಿರುವಾಗಲೇ ಪಾತಿಯ ಕೆಲಸ ಮುಗಿದಿರಬೇಕು. 20–25 ಸೆಂ.ಮೀ. ಆಳ ಅಗೆದು, ಮೇಲೆ ಮೂರರಿಂದ ಐದು ಸೆಂ.ಮೀ. ದಪ್ಪ ಕಳಿತ ಗೊಬ್ಬರ ಹರಡಿ ಬೆರೆಸುತ್ತೇವೆ. ಕಳಿತದ್ದು ಎಂದರೆ ಕೈಗೆ ಬಿಸಿ ತಾಗದ, ಮಣ್ಣಿನ ವಾಸನೆ ಬರುವ, ಮೂಲ ಏನಾಗಿತ್ತೆಂದು ಗುರುತು ಸಿಗದ ಗೊಬ್ಬರ. ಹಸಿ ಸಗಣಿ ಅಥವಾ ಕೋಳಿಗೊಬ್ಬರ ಹೊಸ ಬೇರನ್ನು ಸುಡುತ್ತದೆ.

ಮಣ್ಣಿನ ಹದವನ್ನು ಮುಷ್ಟಿಯಲ್ಲಿ ನೋಡುವುದು. ಹಿಡಿದಾಗ ಉಂಡೆಯಾಗಬೇಕು, ಬೆರಳಿಂದ ಚುಚ್ಚಿದರೆ ಒಡೆಯಬೇಕು. ನೀರು ಜಿನುಗಿದರೆ ಎರಡು ದಿನ ಕಾಯಿರಿ. ಎರೆಮಣ್ಣನ್ನು ಒದ್ದೆಯಿದ್ದಾಗ ಕುರ್ಪಿಯಿಂದ ತೋಡಿದರೆ ಗುಳಿಯ ಗೋಡೆ ಕುಂಬಾರನ ಮಡಕೆಯಂತೆ ನುಣುಪಾಗುತ್ತದೆ. ಒಣಗಿದ ಮೇಲೆ ಅದನ್ನು ಭೇದಿಸಲಾಗದೆ ಬೇರು ಗುಳಿಯೊಳಗೇ ಸುತ್ತುತ್ತದೆ. ಹಾಗೆ ನುಣುಪಾಗಿದ್ದರೆ ಕೈಗುದ್ದಲಿಯ ಮೂಲೆಯಿಂದ ಗೋಡೆಯನ್ನು ಗೀರಿಬಿಡಬೇಕು. ಚಳಿಗಾಲ ಮುಗಿಯುವ ಹೊತ್ತಿನ ನಾಟಿಯಾದರೆ ಥರ್ಮಾಮೀಟರನ್ನು 10 ಸೆಂ.ಮೀ. ಆಳಕ್ಕೆ ಚುಚ್ಚಿ ಬೆಳಿಗ್ಗೆ ನೋಡುವುದು: ಟೊಮೇಟೊಗೆ 15 ಡಿಗ್ರಿ, ಮೆಣಸು, ಸೌತೆ, ಕುಂಬಳಕ್ಕೆ 18 ಇರಲಿ. ಗಾಳಿ ಬೆಚ್ಚಗಾದ ಎಷ್ಟೋ ದಿನಗಳ ಮೇಲೆ ಮಣ್ಣು ಬೆಚ್ಚಗಾಗುತ್ತದೆ. ತಣ್ಣಗಿನ ಮಣ್ಣಿನಲ್ಲಿ ಬೇರು ರಂಜಕವನ್ನು ಸರಿಯಾಗಿ ಹೀರುವುದಿಲ್ಲ, ಎಲೆಯ ಅಡಿ ನೇರಳೆಯಾಗುತ್ತದೆ. ರಂಜಕದ ಕೊರತೆ ಎಂದು ಗೊಬ್ಬರ ಸುರಿಯುವವರು ಇಲ್ಲೇ ಮೋಸಹೋಗುತ್ತಾರೆ. ಮಣ್ಣು ಬಿಸಿಯಾದರೆ ಬಣ್ಣ ತಾನಾಗಿ ಸರಿಹೋಗುತ್ತದೆ.

ಆಸರೆ ಕೋಲು ಬೇಕಾದ ಬೆಳೆಗೆ ಕೋಲನ್ನು ಸಸಿಗಿಂತ ಮೊದಲು ನೆಡಬೇಕು. ತಿಂಗಳ ಮೇಲೆ ಹೊಡೆದ ಕೋಲು ಬೇರನ್ನು ಸೀಳುತ್ತದೆ.

ನಾಟಿ

ಮೋಡದ ದಿನ ಸಿಕ್ಕರೆ ಯಾವ ಹೊತ್ತಾದರೂ ಸರಿ, ಇಲ್ಲದಿದ್ದರೆ ಸಂಜೆ 4ರ ನಂತರ. ಸಂಜೆ ನೆಟ್ಟ ಸಸಿಗೆ ಬಿಸಿಲಿಲ್ಲದ ಹನ್ನೆರಡು ಗಂಟೆ ಸಿಗುತ್ತದೆ. ಮುರಿದ ಬೇರಿಗೆ ಅದು ದೊಡ್ಡ ಬಿಡುವು. ಎರಡು ಗಂಟೆ ಮೊದಲು ಟ್ರೇಗೆ ನೀರು ಹಾಕಿಡುತ್ತೇವೆ. ಒಣಗಿದ ಬೇರುಮುದ್ದೆ ಉದುರುತ್ತದೆ, ಆಗಷ್ಟೇ ನೆನೆದದ್ದು ಕೆಸರಾಗಿ ಜಾರುತ್ತದೆ. ಈ ನಡುವಿನ ಹದದಲ್ಲಿ ಗುಳಿಯ ಆಕಾರದಲ್ಲೇ ಎದ್ದು ಬರುತ್ತದೆ.

ಸಸಿಯನ್ನು ಕಾಂಡ ಹಿಡಿದು ಎಳೆಯಬಾರದು. ಎಳೆಕಾಂಡದ ಒಳಗಿನ ನಾಳಗಳು ಬೆರಳ ಒತ್ತಡಕ್ಕೆ ನಜ್ಜುಗುಜ್ಜಾಗುತ್ತವೆ, ಗಾಯ ಹೊರಗೆ ಕಾಣುವುದಿಲ್ಲ, ಎರಡು ದಿನ ಬಿಟ್ಟು ಸಸಿ ಅಲ್ಲೇ ಮುರಿಯುತ್ತದೆ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಇರುವುದು ಒಂದೇ. ಪ್ರೋಟ್ರೇ ಆದರೆ ಗುಳಿಯ ತಳವನ್ನು ಕೆಳಗಿನಿಂದ ಒತ್ತಿ ಎಬ್ಬಿಸುವುದು. ಕಪ್ ಅಥವಾ ಕುಂಡವಾದರೆ ತೋರುಬೆರಳು ಮಧ್ಯಬೆರಳಿನ ನಡುವೆ ಕಾಂಡ ಬರುವಂತೆ ಅಂಗೈ ಮುಚ್ಚಿ, ತಲೆಕೆಳಗು ಮಾಡಿ, ತಳಕ್ಕೆ ಮೆಲ್ಲಗೆ ತಟ್ಟುವುದು. ಒಂದೇ ಗುಳಿಯಲ್ಲಿ ಎರಡು ಸಸಿ ಇದ್ದರೆ ಬಿಡಿಸುವ ಗೋಜು ಬೇಡ. ಸೊರಗಿದ್ದನ್ನು ಬುಡದಲ್ಲಿ ಕತ್ತರಿಸಿ. ಈರುಳ್ಳಿ ಮಾತ್ರ ಇದಕ್ಕೆ ಹೊರತು, ಅದನ್ನು ಒಂದೊಂದಾಗಿ ಬಿಡಿಸಿದರೂ ಬೇಸರಿಸುವುದಿಲ್ಲ.

ಬೇರು ಗುಳಿಯ ಗೋಡೆಗುಂಟ ಸುತ್ತಿಕೊಂಡು ಬಿಳಿ ಹಗ್ಗದಂತಾಗಿದ್ದರೆ ತಳದ ಸುರುಳಿಯನ್ನು ಬೆರಳಿಂದ ಬಿಡಿಸಿ ಅಥವಾ ಬ್ಲೇಡಿನಿಂದ ಬದಿಯಲ್ಲಿ ಎರಡು ಕಡೆ ಅರ್ಧ ಸೆಂ.ಮೀ. ಆಳಕ್ಕೆ ಗೀರಿ. ಹಾಗೇ ನೆಟ್ಟರೆ ಬೇರು ಹೊಸ ಮಣ್ಣಿಗೆ ಹೋಗದೆ ಹಳೆಯ ಸುತ್ತನ್ನೇ ಸುತ್ತುತ್ತದೆ. ಟೊಮೇಟೊ, ಬದನೆ, ಕೋಸು ಇದನ್ನು ಸಹಿಸುತ್ತವೆ. ಸೌತೆ, ಕುಂಬಳ, ಕಲ್ಲಂಗಡಿಯ ಬೇರನ್ನು ಮಾತ್ರ ಯಾವ ಕಾರಣಕ್ಕೂ ಕೆದಕಬೇಡಿ. ಇವುಗಳನ್ನು ಮೊದಲಿನಿಂದಲೇ ಕಾಗದದ ಕಪ್ಪಿನಲ್ಲಿ ಬೆಳೆಸಿ, ಕಪ್ಪಿನ ತಳ ಹರಿದು, ಬದಿ ಸೀಳಿ ನೆಡುವುದು ಕ್ಷೇಮ.

ಮಣ್ಣಲ್ಲಿ ಕರಗುವ ಪೀಟ್ (ಜೌಗಿನಲ್ಲಿ ಕಳಿತ ಪಾಚಿ) ಅಥವಾ ಕಾಗದದ ಕುಂಡವನ್ನು ಹಾಗೇ ಹೂಳುವಾಗ ಒಂದು ಎಚ್ಚರ. ಅದರ ಅಂಚು ಒಂದು ಸೆಂ.ಮೀ.ನಷ್ಟು ಮಣ್ಣಿನ ಮೇಲೆ ಉಳಿದರೂ ದೀಪದ ಬತ್ತಿಯ ಹಾಗೆ ಒಳಗಿನ ತೇವವನ್ನು ಗಾಳಿಗೆ ಎಳೆದು ಕೊಡುತ್ತದೆ. ಸುತ್ತ ಮಣ್ಣು ಹಸಿಯಾಗಿದ್ದರೂ ಕುಂಡದೊಳಗೆ ಬರ. ಅಂಚನ್ನು ಹರಿದು ಬಿಸಾಡಿ, ಉಳಿದದ್ದು ಪೂರ್ತಿ ಮಣ್ಣಿನಡಿ ಇರಲಿ.

ಆಳದ ವಿಷಯದಲ್ಲಿ ಬೆಳೆಗಳು ಒಂದೇ ಥರ ಇಲ್ಲ. ಟೊಮೇಟೊ ಕಾಂಡ ಮಣ್ಣಿನಡಿ ಹೋದಲ್ಲೆಲ್ಲ ಬೇರು ಬಿಡುತ್ತದೆ. ಕೆಳಗಿನ ಎಲೆಗಳನ್ನು ಕಿತ್ತು, ಮೇಲಿನ ನಾಲ್ಕೈದು ಎಲೆ ಮಾತ್ರ ಹೊರಗಿರುವಂತೆ ಹೂಳುತ್ತೇವೆ. ಬೆಳಕು ಸಾಲದೆ ನೀಳವಾಗಿ ಬೆಳೆದ ಸಸಿಗೆ ಇದೇ ಮದ್ದು. ತೀರಾ ಉದ್ದವಿದ್ದರೆ ಆಳ ತೋಡುವ ಬದಲು 8–10 ಸೆಂ.ಮೀ. ಆಳದ ಕಾಲುವೆಯಲ್ಲಿ ಅಡ್ಡ ಮಲಗಿಸಿ ತುದಿಯನ್ನಷ್ಟೇ ಮೇಲೆ ಬಾಗಿಸುವುದು. ತುದಿ ಎರಡೇ ದಿನದಲ್ಲಿ ನೆಟ್ಟಗಾಗುತ್ತದೆ, ಬೇರು ಬೆಚ್ಚಗಿನ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಕಸಿ ಮಾಡಿದ ಟೊಮೇಟೊಗೆ ಈ ಮಾತು ಅನ್ವಯಿಸುವುದಿಲ್ಲ: ಕಸಿಯ ಗಂಟು ಮಣ್ಣಿಗೆ ತಾಗಿದರೆ ಮೇಲಿನ ಜಾತಿ ತನ್ನದೇ ಬೇರು ಬಿಟ್ಟು ಬುಡದ ಗಿಡದ ರೋಗನಿರೋಧಕ ಗುಣ ವ್ಯರ್ಥವಾಗುತ್ತದೆ. ಮೆಣಸು, ಬದನೆಯನ್ನು ಟ್ರೇಯಲ್ಲಿದ್ದ ಮಟ್ಟಕ್ಕೆ ಅಥವಾ ಬೀಜದೆಲೆಯವರೆಗೆ. ಕೋಸನ್ನು ಮೊದಲ ನಿಜ ಎಲೆಯ ಬುಡದವರೆಗೆ, ಗಾಳಿಗೆ ತಲೆಭಾರವಾಗಿ ಓಲಾಡದಿರಲಿ ಎಂದು. ಸೌತೆ ಜಾತಿಯವು ಟ್ರೇಯಲ್ಲಿದ್ದ ಮಟ್ಟಕ್ಕೇ, ಹೆಚ್ಚು ಆಳವಾದರೆ ಕಾಂಡ ಕೊಳೆಯುತ್ತದೆ. ಲೆಟ್ಯೂಸಿನ ನಡುಚಿಗುರಿಗೆ ಮಣ್ಣು ಬೀಳಲೇಬಾರದು. ಈರುಳ್ಳಿ ಎರಡು ಮೂರು ಸೆಂ.ಮೀ.

ಅಂತರ: ಟೊಮೇಟೊ 45–60 ಸೆಂ.ಮೀ., ಬದನೆ 60, ಮೆಣಸು 45, ಕೋಸು 45, ಲೆಟ್ಯೂಸ್ 25–30, ಹಂದರಕ್ಕೆ ಹಬ್ಬಿಸುವ ಸೌತೆ 30–45, ಈರುಳ್ಳಿ 10. ಸಣ್ಣ ಸಸಿಗಳ ನಡುವಿನ ಬಯಲು ನೋಡಿ ಕೈ ತಡೆಯದೆ ಹತ್ತಿರ ಹತ್ತಿರ ನೆಡುವವರೇ ಹೆಚ್ಚು. ಎರಡು ತಿಂಗಳ ಮೇಲೆ ಗಾಳಿಯಾಡದೆ ಎಲೆರೋಗ ಬಂದಾಗ ಈ ದಿನದ ನೆನಪಿರುವುದಿಲ್ಲ.

ಗುಳಿಯನ್ನು ಬೇರುಮುದ್ದೆಯ ಎರಡರಷ್ಟು ಅಗಲ ತೋಡಿ, ಒಂದು ಹಿಡಿ ಎರೆಗೊಬ್ಬರವನ್ನು ತಳದ ಮಣ್ಣಿಗೆ ಬೆರೆಸಿ, ಅರ್ಧ ಲೀಟರ್ ನೀರು ಸುರಿದು ಇಂಗಲು ಬಿಡುವುದು. ನೀರು ಇಂಗಿದ ಮೇಲೆ ಸಸಿ ಇಟ್ಟು ಮಣ್ಣು ಸರಿಸಿ, ಎರಡೂ ಕೈಯ ಬೆರಳ ತುದಿಯಿಂದ ಸುತ್ತ ಒತ್ತುವುದು. ಎಷ್ಟು ಒತ್ತಬೇಕು ಎಂದರೆ, ಎಲೆಯೊಂದನ್ನು ಹಿಡಿದು ಮೆಲ್ಲಗೆ ಜಗ್ಗಿದರೆ ಸಸಿ ಏಳಬಾರದು. ಸಡಿಲ ಬಿಟ್ಟರೆ ಬೇರಿನ ಸುತ್ತ ಗಾಳಿಯ ಪೊಳ್ಳು ಉಳಿಯುತ್ತದೆ. ಕಾಲಿನಿಂದ ತುಳಿದರೆ ಮಣ್ಣು ಇಟ್ಟಿಗೆಯಾಗುತ್ತದೆ. ಬೇರುಮುದ್ದೆಯ ಮೇಲೆ ಒಂದು ಸೆಂ.ಮೀ. ಪಾತಿಯ ಮಣ್ಣು ಮುಚ್ಚಿರಲೇಬೇಕು, ಇಲ್ಲದಿದ್ದರೆ ಕೋಕೋಪೀಟ್ ಕೂಡ ಆ ಕುಂಡದ ಅಂಚಿನಂತೆ ಬತ್ತಿಯ ಕೆಲಸ ಮಾಡುತ್ತದೆ. ಕೊನೆಗೆ ಬುಡದ ಸುತ್ತ ಸಣ್ಣ ಬಟ್ಟಲಿನಂತೆ ಕಟ್ಟೆ ಕಟ್ಟಿ ಇನ್ನೂ ಅರ್ಧ ಲೀಟರ್.

ನಾಟಿಯ ಗುಳಿಗೆ ವಿಟಮಿನ್ ಬಿ1 ದ್ರಾವಣ, ಎಪ್ಸಂ ಉಪ್ಪು ಹಾಕುವ ಸಲಹೆಗಳು ಬಹಳ ಓಡಾಡುತ್ತವೆ. ಬಿ1 ಅನ್ನು ಗಿಡ ತಾನೇ ತಯಾರಿಸಿಕೊಳ್ಳುತ್ತದೆ, ಮಣ್ಣಿಗೆ ಸುರಿದದ್ದರಿಂದ ಬೇರು ಬೇಗ ಬರುವುದಿಲ್ಲ. ಎಪ್ಸಂ ಉಪ್ಪಿನ ಮೆಗ್ನೀಷಿಯಂ ಅತಿಯಾದರೆ ಕ್ಯಾಲ್ಸಿಯಂ ಹೀರುವುದಕ್ಕೆ ಅಡ್ಡಬರುತ್ತದೆ. ಅವತ್ತು ಸಸಿಗೆ ಬೇಕಿರುವುದು ನೀರು ಮತ್ತು ನೆರಳು, ಅಷ್ಟೇ.

ನೆಟ್ಟ ಮೇಲಿನ ಹತ್ತು ದಿನ

ನೆಟ್ಟ ನಾಲ್ಕನೆಯ ದಿನ ಪಾತಿ ನೋಡಿದರೆ ಹಸಿ, ಬೆರಳು ಇಳಿಸಿದರೂ ಹಸಿ, ಆದರೆ ಸಸಿ ಬಾಡಿದೆ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಬೇರು ಇನ್ನೂ ಟ್ರೇಯಿಂದ ಬಂದ ಮುದ್ದೆಯೊಳಗೇ ಇದೆ. ಆ ಮುದ್ದೆ ಸಡಿಲವಾದ, ದೊಡ್ಡ ರಂಧ್ರಗಳ ಕೋಕೋಪೀಟ್. ಸುತ್ತಲಿನ ಮಣ್ಣಿನದು ಸಣ್ಣ ರಂಧ್ರ, ಅದು ಮುದ್ದೆಯ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲ ವಾರ ನೀರನ್ನು ಕಾಂಡದ ಬುಡಕ್ಕೇ, ಮುದ್ದೆಯ ಮೇಲೇ ಹಾಕಬೇಕು: ಒಂದು ಲೋಟದಷ್ಟು, ದಿನಕ್ಕೊಮ್ಮೆ, ಬಿಸಿಲು ಜೋರಿದ್ದರೆ ಎರಡು ಸಲ. ಹನಿ ನೀರಾವರಿಯ ಕೊಳವೆ 20 ಸೆಂ.ಮೀ. ದೂರದಲ್ಲಿದ್ದರೆ ಆ ವಾರದ ಮಟ್ಟಿಗೆ ಅದು ಇದ್ದೂ ಇಲ್ಲದ ಹಾಗೆ. ಎರಡನೆಯ ವಾರದಿಂದ ನೀರನ್ನು ಬುಡದಿಂದ ದೂರ ಸರಿಸುತ್ತಾ, ಪ್ರಮಾಣ ಹೆಚ್ಚಿಸಿ ಸಲ ಕಡಿಮೆ ಮಾಡಿದರೆ ಬೇರು ಅದನ್ನು ಹಿಂಬಾಲಿಸಿ ಹೊರಬರುತ್ತದೆ.

ಮೊದಲ ಮೂರು ದಿನ ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಿ ಸಸಿಯ ಪಶ್ಚಿಮಕ್ಕೆ ಒಂದು ಹೆಂಚೋ ಹಲಗೆಯ ತುಂಡೋ ನಿಲ್ಲಿಸಿ. ಬುಟ್ಟಿ ಕವುಚಿದರೂ ಆದೀತು, ಸಂಜೆ ತೆಗೆಯಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸುವುದಾದರೆ ಬದಿಗಳು ತೆರೆದಿರಲಿ. ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಬಿಸಿಲು ಬಿದ್ದರೆ ಸಸಿ ಬೇಯಲು ಅರ್ಧ ದಿನವೂ ಬೇಡ.

ಬಾಡುವಿಕೆಯಲ್ಲಿ ಎರಡು ಬಗೆ. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ, ನೀರೂ ಬೇಡ. ಬೆಳಿಗ್ಗೆ ಬಿಸಿಲೇರುವ ಮೊದಲೇ ಬಾಡಿದ್ದರೆ ಮುದ್ದೆ ಒಣಗಿದೆ, ಅಥವಾ ಬೇರು ಕೊಳೆತಿದೆ, ಅಥವಾ ಕಾಂಡಕ್ಕೆ ಏಟು ಬಿದ್ದಿದೆ. ಬುಡದ ಮಣ್ಣನ್ನು ಎರಡು ಸೆಂ.ಮೀ. ಕೆದಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಎಲೆಯ ಬಿಳಿ, ಒಣ ಮಚ್ಚೆ ಬಿಸಿಲಿನ ಸುಡುಗಾಯ, ಹದ ಸಾಲಲಿಲ್ಲ ಎಂದರ್ಥ. ಆ ಎಲೆ ಮತ್ತೆ ಹಸಿರಾಗುವುದಿಲ್ಲ. ಆದರೂ ಕೀಳಬೇಡಿ, ಉಳಿದ ಹಸಿರು ಭಾಗ ಇನ್ನೂ ದುಡಿಯುತ್ತಿದೆ. ನಡುಚಿಗುರು ಸರಿಯಿದ್ದರೆ ಹತ್ತು ದಿನದಲ್ಲಿ ಹೊಸ ಎಲೆ ಬಂದು ಮುಚ್ಚುತ್ತದೆ. ಎಲೆಯಂಚು ಮಾತ್ರ ಕಂದಾಗಿ ಮುರುಟಿದರೆ ಅದು ಗಾಳಿಯ ಕೆಲಸ. ಕಪ್ಪಾಗಿ, ನೀರಲ್ಲಿ ನೆನೆಸಿದಂತೆ ಜೋತಿದ್ದರೆ ಚಳಿಯದ್ದು. ಕೆಳಗಿನ ಎಲೆಗಳು ಹಳದಿಯಾಗಿ ಮಣ್ಣು ಸದಾ ಒದ್ದೆಯಿದ್ದರೆ ನೀರು ಹೆಚ್ಚಾಯಿತು.

ಬೆಳಿಗ್ಗೆ ಹೋಗಿ ನೋಡಿದರೆ ಸಸಿ ಬುಡದಲ್ಲಿ ಕತ್ತರಿಸಿ ಬಿದ್ದಿದೆ, ತಿಂದ ಗುರುತು ಮಾತ್ರ ಹೆಚ್ಚಿಲ್ಲ. ಕತ್ತರಿಹುಳುವಿನ ಕೆಲಸ. ಬಿದ್ದ ಸಸಿಯ ಸುತ್ತ ಅಂಗೈಯಗಲದ ಮಣ್ಣನ್ನು ಮೂರು ಸೆಂ.ಮೀ. ಕೆದಕಿದರೆ ಸುರುಳಿ ಸುತ್ತಿಕೊಂಡ ಬೂದುಬಣ್ಣದ ಹುಳು ಸಿಗುತ್ತದೆ. ಅದನ್ನು ಹುಡುಕದೆ ಬಿಟ್ಟರೆ ಮರುರಾತ್ರಿ ಪಕ್ಕದ್ದಕ್ಕೆ ಹೋಗುತ್ತದೆ. ರಟ್ಟಿನ ಪಟ್ಟಿಯನ್ನು ಬಳೆಯಂತೆ ಸುತ್ತಿ, ಮೂರು ಸೆಂ.ಮೀ. ಮಣ್ಣೊಳಗೆ, ಐದು ಸೆಂ.ಮೀ. ಮೇಲೆ ಇರುವಂತೆ ನಾಟಿಯ ದಿನವೇ ಇಟ್ಟರೆ ಅದಕ್ಕೆ ಕಾಂಡ ಸಿಗುವುದಿಲ್ಲ. ಕಾಂಡ ಬೆರಳಷ್ಟು ದಪ್ಪವಾದ ಮೇಲೆ ಬಳೆ ತೆಗೆಯಬಹುದು. ಎಲೆಯಲ್ಲಿ ದೊಡ್ಡ ತೂತು, ಪಕ್ಕದಲ್ಲಿ ಹೊಳೆಯುವ ಲೋಳೆಯ ಜಾಡು ಇದ್ದರೆ ಬಸವನಹುಳು ಅಥವಾ ಅದರ ಚಿಪ್ಪಿಲ್ಲದ ನೆಂಟ. ರಾತ್ರಿ ಟಾರ್ಚು ಹಿಡಿದು ಆರಿಸುವುದರಷ್ಟು ಖಚಿತವಾದ ಉಪಾಯ ಇನ್ನೊಂದಿಲ್ಲ.

ಮುಚ್ಚಿಗೆಯನ್ನು ಕಾಲ ನೋಡಿ ಹಾಕಬೇಕು. ಮಣ್ಣು ಬಿಸಿಯಿರುವ ಕಾಲವಾದರೆ ನಾಟಿಯ ದಿನವೇ ಒಣಹುಲ್ಲು ಐದು ಸೆಂ.ಮೀ. ದಪ್ಪ ಹರಡಬಹುದು. ಮಣ್ಣು ಇನ್ನೂ ತಣ್ಣಗಿದ್ದರೆ ಎರಡು ಮೂರು ವಾರ ತಡೆಯಿರಿ, ಹುಲ್ಲು ಚಳಿಯನ್ನೇ ಒಳಗೆ ಕಟ್ಟಿಹಾಕುತ್ತದೆ. ಎರಡೂ ಕಾಲಕ್ಕೆ ಒಂದು ಮಾತು ಸಮಾನ: ಕಾಂಡದಿಂದ ಐದು ಸೆಂ.ಮೀ. ಬಿಟ್ಟು ಹಾಕುವುದು.

ಗೊಬ್ಬರದ ಯೋಚನೆ 7ರಿಂದ 10 ದಿನ ಆದ ಮೇಲೆ. ನಡುಚಿಗುರಿನಲ್ಲಿ ತಿಳಿಹಸಿರು ಹೊಸ ಎಲೆ ಕಂಡರೆ ಬೇರು ಕಚ್ಚಿದೆ ಎಂದು ತಿಳಿಯಬಹುದು. ಆಗ ನೀರಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲಿನ ಪ್ರಮಾಣದ ಕಾಲುಭಾಗದಿಂದ ಅರ್ಧಭಾಗ ಮಾತ್ರ, ಅದೂ ಹಸಿಮಣ್ಣಿಗೆ.

ಇಷ್ಟೆಲ್ಲ ಮಾಡಿಯೂ ಕೆಲವು ಹೋಗುತ್ತವೆ. ಅದಕ್ಕೇ ಹದಗೊಳಿಸುವಾಗ ಐದಕ್ಕೆ ಒಂದರಂತೆ ಹೆಚ್ಚುವರಿ ಸಸಿಯನ್ನು ಜೊತೆಗೆ ಪಳಗಿಸಿ, ಸ್ವಲ್ಪ ದೊಡ್ಡ ಕಪ್ಪಿಗೆ ಬದಲಿಸಿ, ಪಾತಿಯ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇವೆ. ಖಾಲಿ ಬಿದ್ದ ಗುಳಿಗಳನ್ನು ಹತ್ತನೆಯ ದಿನದೊಳಗೆ ತುಂಬಬೇಕು. ಆಮೇಲೆ ನೆಟ್ಟದ್ದು ಪಕ್ಕದವುಗಳ ನೆರಳಲ್ಲಿ ಏಳಿಗೆಯಾಗುವುದಿಲ್ಲ. ಬುಡ ಕೊಳೆತು ಸತ್ತ ಜಾಗವಾದರೆ ಅದೇ ಗುಳಿಗೆ ಹಾಕದೆ ಒಂದು ಗೇಣು ಸರಿಸಿ ನೆಡುವುದು. ಖಾಲಿಯಾದ ಟ್ರೇಗಳನ್ನು ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಹತ್ತು ನಿಮಿಷ ಮುಳುಗಿಸಿ, ಚೆನ್ನಾಗಿ ಜಾಲಿಸಿ ಒಣಗಿಸಿಟ್ಟರೆ ಮುಂದಿನ ಬಿತ್ತನೆಗೆ ಸಿದ್ಧ.